ಒಂದೊಂದೇ ಎಲೆ ಏಳಬೇಕು

ಕರುಮತ್ತಂಪಟ್ಟಿ
6 ಏಪ್ರಿಲ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ,

ಸುಕನ್ಯಾ ಮಾಡುವ ನಮಸ್ಕಾರಗಳು. ಹೇಗಿದ್ದೀಯಮ್ಮಾ? ಮಂಡಿನೋವು ಸ್ವಲ್ಪವಾದರೂ ತಗ್ಗಿತೇ? ತಮ್ಮ ಕೃಷ್ಣಕುಮಾರ ತಂದುಕೊಟ್ಟ ತೈಲವನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬೇಗ ಮುಗಿದುಹೋದೀತೆಂದು ಬೀರುವಿನಲ್ಲಿ ಬಚ್ಚಿಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಬಿಸಿಲಿನಲ್ಲಿ ಸಂತೆಗೆ ನಡೆದುಕೊಂಡು ಹೋಗಬೇಡ, ತಮ್ಮನ ಗಾಡಿಯಲ್ಲಿ ಹೋಗು. ಇವತ್ತು ರಾಮನವಮಿ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಪಾನಕ, ಕೋಸಂಬರಿ ಹಂಚಿರುತ್ತಾರೆ. ಇಲ್ಲಿ ಅತ್ತೆಯೂ ಬೆಲ್ಲ ಕರಗಿಸಿ ಏಲಕ್ಕಿ ಹಾಕಿ ಪಾನಕ ಮಾಡಿದರು. ಇವರಿಗೆ ಚಮಚದಲ್ಲಿ ಕೊಟ್ಟೆವು. ಎರಡು ಗುಟುಕಿಗೇ ಕೆಮ್ಮು ಹತ್ತಿತು, ನಿಲ್ಲಿಸಿಬಿಟ್ಟೆವು. ಉಳಿದದ್ದನ್ನು ನಿನ್ನ ಮೊಮ್ಮಗಳು ನಿತ್ಯಾ ಕುಡಿದಳು.

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಹೇಳುತ್ತೇನೆ. ಫೋನಿನಲ್ಲಿ ನೀನು ಏನು ಕೇಳಿದರೂ ನಾನು ‘ಹೂಂ, ಚೆನ್ನಾಗಿದ್ದೇವೆ’ ಎನ್ನುವುದು ನಿನಗೂ ಸಾಕಾಗಿದೆ. ನಮ್ಮದು ಎರಡು ಕೋಣೆಯ ಮನೆ. ಇವರ ಮಂಚ ಮುಂದಿನ ಕೋಣೆಯಲ್ಲಿದೆ. ಕೂಲಿ ಏರಿಸಬೇಕೆಂದು ಮಗ್ಗದವರು ಮುಷ್ಕರ ಹೂಡಿರುವುದರಿಂದ ಈ ಬೀದಿಯ ಪವರ್‌ಲೂಮುಗಳೆಲ್ಲ ನಿಂತಿವೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ತಲೆನೋವು ಬರುತ್ತಿತ್ತು, ನಿನ್ನ ಹತ್ತಿರ ಅತ್ತಿದ್ದೆ. ಈಗ ಆ ಸದ್ದು ನಿಂತ ಮೇಲೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಮಂಚದವರೆಗೆ ಕೇಳುತ್ತದೆ. ಕಾಗದವಾದರೆ ಭಯವಿಲ್ಲ. ಈ ಮನೆಯವರು ಆಡುವುದು ಕನ್ನಡ, ಓದುವುದು ತಮಿಳು. ಇವರ ಮಂಚದ ಪಕ್ಕದಲ್ಲೇ ಕುಳಿತು, ಇವರ ಕಣ್ಣೆದುರೇ ಬರೆಯುತ್ತಿದ್ದೇನೆ. ಆಗಲೇ ಕೇಳಿದರು, “ಅತ್ತೆಗಾ? ನಾನ್ ಕೇಳ್ದೆ ಅಂತ ಬರಿ.” ಬರೆದಿದ್ದೇನೆ.

ಎಲ್ಲಿಂದ ಶುರುಮಾಡಲಿ? ನೀನು ಬಂದು ಹದಿನೈದು ದಿನ ಇದ್ದು ಹೋದದ್ದು ಅಪಘಾತವಾದ ಹೊಸದರಲ್ಲಿ. ಅವಿನಾಶಿ ರಸ್ತೆಯಲ್ಲಿ ನೂಲಿನ ಲಾರಿ ತಗುಲಿ ಕತ್ತಿನ ಮೂಳೆ ಮುರಿದಾಗ, ಆರು ತಿಂಗಳಿಗೆ ಕೈಯಾದರೂ ಬರಬಹುದು ಎಂದು ಎಲ್ಲರೂ ಹೇಳಿದರು. ಬರಲಿಲ್ಲ. ಭುಜ ಕೊಂಚ ಎತ್ತುತ್ತಾರೆ, ಕತ್ತು ಹೊರಳಿಸುತ್ತಾರೆ, ಅಷ್ಟೇ. ಇವರ ಕೆಲಸವೆಂದರೆ ಕೈಬೆರಳಿನದು. ಸಿನಿಮಾದಲ್ಲಿ ಮಳೆ, ಧೂಳು, ಹೊಗೆ, ಹಕ್ಕಿಯ ಹಿಂಡು ಬರುತ್ತವಲ್ಲ, ಅವುಗಳಲ್ಲಿ ಎಷ್ಟೋ ನಿಜವಲ್ಲ, ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದು ಎಂದು ಮದುವೆಗೆ ಮೊದಲೇ ಇವರು ನಿನಗೆ ವಿವರಿಸಿದ್ದು ನೆನಪಿದೆಯೇ? ನೀನು ‘ಹಾಗಾದರೆ ಇದು ಸುಳ್ಳು ಹೇಳುವ ಕೆಲಸವೇನಪ್ಪಾ’ ಎಂದಿದ್ದೆ. ಅದನ್ನು ಇವರು ಕೊಯಮತ್ತೂರಿನ ಪೀಳಮೇಡಿನ ತಮ್ಮ ಸ್ಟುಡಿಯೋದಲ್ಲೆಲ್ಲ ಹೇಳಿ ನಕ್ಕಿದ್ದರಂತೆ. ಒಂದೊಂದು ಹನಿಯನ್ನೂ ಕೈಯಿಂದ ಬಿಡಿಸಲು ಆಗುವುದಿಲ್ಲ. ಹನಿ ಎಲ್ಲಿ ಹುಟ್ಟಬೇಕು, ಎಷ್ಟು ವೇಗದಲ್ಲಿ ಬೀಳಬೇಕು, ಎಲ್ಲಿ ಸಾಯಬೇಕು ಎಂದು ಒಂದು ಭಾಷೆಯಲ್ಲಿ ಬರೆದು ಕಂಪ್ಯೂಟರಿಗೆ ಅಪ್ಪಣೆ ಕೊಡಬೇಕು. ಆ ಭಾಷೆಗೆ ವೆಕ್ಸ್ ಎಂದು ಹೆಸರು. ಇವರಿಗೆ ಅದು ಚೆನ್ನಾಗಿ ಬರುತ್ತಿತ್ತು. ಬರುತ್ತಿತ್ತು ಎಂದೆ ನೋಡು. ಈಗಲೂ ಬರುತ್ತದೆ. ಬರದದ್ದು ಕೈಗೆ ಮಾತ್ರ.

ಇವರ ಜೊತೆ ಕೆಲಸ ಮಾಡುತ್ತಿದ್ದ ಶಕ್ತಿವೇಲ್ ಒಳ್ಳೆಯ ಮನುಷ್ಯ. ಆಸ್ಪತ್ರೆಯಿಂದ ಬಂದು ಇವರು ಗೋಡೆ ನೋಡಿಕೊಂಡು ಮಲಗಿರುತ್ತಿದ್ದ ದಿನಗಳಲ್ಲಿ ಒಂದು ಕಂಪ್ಯೂಟರ್ ತಂದು ಮಂಚದ ಪಕ್ಕದ ಮೇಜಿನ ಮೇಲಿಟ್ಟು, “ಬಾಯಲ್ಲಿ ಹೇಳಿದರೆ ಅದೇ ಟೈಪ್ ಮಾಡಿಕೊಳ್ಳುತ್ತೆ” ಎಂದು ತಮಿಳಿನಲ್ಲಿ ಧೈರ್ಯ ಹೇಳಿ ಹೋದ. ಆದರೆ ಆ ಭಾಷೆಯಲ್ಲಿ ಮಾತಿಗಿಂತ ಚಿಹ್ನೆಗಳೇ ಹೆಚ್ಚು. ಇವರು ಬ್ರಾಕೆಟ್ ಎಂದರೆ ಅದು ಬಕೆಟ್ ಎಂದು ಬರೆಯುತ್ತಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಇವರ ಉಸಿರು ಮುಗಿಯುತ್ತಿತ್ತು. ಮೂರನೆಯ ದಿನ ಇವರು ಕಣ್ಣು ಮುಚ್ಚಿಕೊಂಡು, ಅದನ್ನು ತೆಗೆದುಕೊಂಡು ಹೋಗಲು ಹೇಳು ಎಂದರು. ನಾನು ಹಾಗೆ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, “ನೀವು ಹೇಳಿ, ನಾನು ಒತ್ತುತ್ತೇನೆ” ಎಂದೆ. ಪಿಯುಸಿಯಲ್ಲಿ ಟೈಪಿಂಗ್ ಕಲಿತದ್ದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ ಅಮ್ಮಾ. ಇವರ ಮುಖವನ್ನಾದರೂ ಗೋಡೆಯಿಂದ ಈಚೆ ತಿರುಗಿಸಬೇಕಿತ್ತು.

ಮೊದಮೊದಲು ಅರ್ಥವಿಲ್ಲದೆ ಒತ್ತಿದೆ. ಹನಿಯಾಗಲಿ ಧೂಳಾಗಲಿ, ಪರದೆಯ ಮೇಲೆ ಮೊದಲು ಬರೀ ಚುಕ್ಕಿ. ಒಂದು ಸಲ ಇವರು ಹೇಳಿದ್ದನ್ನೆಲ್ಲ ಒತ್ತಿದರೂ ಪರದೆಯ ಮೇಲಿನ ಚುಕ್ಕಿಗಳು ಜಪ್ಪಯ್ಯ ಅನ್ನಲಿಲ್ಲ. ತಪ್ಪಿದೆ ಎಂದು ಕಂಪ್ಯೂಟರೂ ಹೇಳಲಿಲ್ಲ. ಇವರು ನೋಡಿ, “ಚಿಕ್ಕ ಪೀ ಹಾಕ್ಬಿಟ್ಟೆ. ದೊಡ್ಡ ಪೀ ಬೇಕು” ಎಂದರು. ಇಂಗ್ಲಿಷಿನ ದೊಡ್ಡ ಪೀ ಅಕ್ಷರ ಎಂದರೆ ಚುಕ್ಕಿ ಇರುವ ಜಾಗ. ಚಿಕ್ಕ ಪೀ ಹಾಕಿದರೆ ಅದು ಇನ್ನೊಂದು ಹೊಸ ಹೆಸರು ಎಂದುಕೊಂಡು ಸುಮ್ಮನೆ ಪಕ್ಕದಲ್ಲಿಟ್ಟುಕೊಳ್ಳುತ್ತದಂತೆ. “ತಪ್ಪು ಅಂತ ಹೇಳೋ ತಪ್ಪಿಗೆ ಹೆದರ್ಬೇಡ. ಹೇಳ್ದೆ ಸುಮ್ನಿರ್ತದಲ್ಲ, ಅದೇ ಮೋಸ” ಎಂದರು. ಅವತ್ತು ನನಗೆ ಮೊದಲ ಸಲ ತಿಳಿಯುವ ಆಸೆಯಾಯಿತು. ಏನು ಒತ್ತುತ್ತಿದ್ದೇನೆ, ಯಾಕೆ ಒತ್ತುತ್ತಿದ್ದೇನೆ ಎಂದು ಕೇಳತೊಡಗಿದೆ. ಇವರೂ ಹೇಳಿಕೊಟ್ಟರು. ನಾವು ಬರೆಯುವುದು ಒಂದೇ ಮಾತು, ಆದರೆ ಅದನ್ನು ಪ್ರತಿಯೊಂದು ಚುಕ್ಕಿಯೂ ತನಗೇ ಹೇಳಿದ್ದು ಎಂದು ಕೇಳಿಸಿಕೊಳ್ಳುತ್ತದೆ ಎನ್ನುವುದನ್ನು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಚುಕ್ಕಿಗಳೆಲ್ಲ ಮೊದಲ ಬಾರಿ ಅಲೆಯ ಹಾಗೆ ಎದ್ದು ಬಿದ್ದಾಗ ನಾನು ಚಪ್ಪಾಳೆ ತಟ್ಟಿದೆ. ಇವರು ನಕ್ಕರು. ಅಪಘಾತವಾದ ಮೇಲೆ ನಾನು ಕಂಡ ಮೊದಲ ನಗು ಅದು. ಅತ್ತೆ ಅಡುಗೆಮನೆಯಿಂದ ಓಡಿಬಂದರು.

ಹಾಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು. ಶಕ್ತಿವೇಲ್ ಚಿಕ್ಕಪುಟ್ಟ ದೃಶ್ಯಗಳನ್ನು ಕಳಿಸುತ್ತಿದ್ದ. ಇವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಇವರ ಹೆಸರಿನಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಮೈ ಒರೆಸಿ, ಮಗ್ಗುಲು ಬದಲಿಸಿ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ನಾನು ಕುಳಿತರೆ ಇವರು ಮೇಷ್ಟ್ರು. ತಪ್ಪು ಮಾಡಿದರೆ ಗದರುತ್ತಿದ್ದರು. ಗದರಿಸಿಕೊಳ್ಳಲು ನನಗೂ ಇಷ್ಟವಾಗುತ್ತಿತ್ತು. ಗದರುವಾಗ ಅವರು ಕಾಯಿಲೆಯವರ ಹಾಗೆ ಕಾಣುತ್ತಿರಲಿಲ್ಲ. ಅತ್ತೆ ಬೀದಿಯವರಿಗೆಲ್ಲ “ನಮ್ಮ ಹರಿ ವೇಲೆ ಮಾಡ್ತಾನೆ” ಎಂದು ಹೇಳಿಕೊಂಡು ಬರುತ್ತಿದ್ದರು. ವೇಲೆ ಎಂದರೆ ಕೆಲಸ. ಆ ಒಂದು ಮಾತು ಹೇಳುವುದಕ್ಕೇ ಅವರು ಅಂಗಡಿಗೆ ಎರಡು ಸಲ ಹೋಗುತ್ತಿದ್ದರು.

ಹೋದ ಸಂಕ್ರಾಂತಿಯಾದ ಮೇಲೆ ಸ್ಟುಡಿಯೋ ಬೇರೆಯವರ ಕೈಗೆ ಹೋಯಿತು. ಮನೆಯಿಂದ ಕೆಲಸ ಮಾಡುವವರನ್ನೆಲ್ಲ ತಾವೇ ನೋಡಿ ಪರೀಕ್ಷಿಸುತ್ತೇವೆ ಎಂದರು ಹೊಸಬರು. ಗೊತ್ತುಮಾಡಿದ ದಿನ ಅತ್ತೆ ಇವರಿಗೆ ಕ್ಷೌರ ಮಾಡಿ, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಡಿಸಿದರು. ಹಣೆಗೆ ವಿಭೂತಿ ಇಟ್ಟು, ಚೌಡಮ್ಮನ ಪಟದ ಮುಂದೆ ದೀಪ ಹಚ್ಚಿದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಜಾರದ ಹಾಗೆ ಎದೆಗೆ ಪಂಚೆ ಕಟ್ಟಿದೆವು. ವಿಡಿಯೋದಲ್ಲಿ ಪಂಚೆ ಕಾಣಬಾರದೆಂದು ಇವರು ಪದೇಪದೇ ಹೇಳಿದರು. ಆ ಕಡೆ ಇದ್ದವನು ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದಸ್ಥ. ಒಂದು ಆನೆ ನಡೆದುಹೋಗುವ ದೃಶ್ಯ ಕಳಿಸಿ, ಅದು ಕಾಲಿಟ್ಟಲ್ಲಿ ಮಾತ್ರ ಧೂಳು ಏಳಬೇಕು, ಕಾಲಿನಿಂದ ದೂರ ಹೋದಷ್ಟೂ ಧೂಳು ಕಡಿಮೆಯಾಗಬೇಕು, ಈಗಲೇ ಮಾಡಿ ತೋರಿಸಿ ಎಂದ. ಇವರಿಗೆ ಅದು ನೀರು ಕುಡಿದಷ್ಟು ಸುಲಭ. ಹೇಳಲು ಶುರುಮಾಡಿದರು. ಎರಡು ಸಾಲಾಯಿತು. ಮೂರನೆಯದಕ್ಕೆ ಉಸಿರು ಸಿಕ್ಕಿಕೊಂಡಿತು. ಕಫ ಗಂಟಲಿಗೆ ಬಂತು. ಕೆಮ್ಮಲು ಅವರ ಹೊಟ್ಟೆಯಲ್ಲಿ ಶಕ್ತಿಯಿಲ್ಲ, ನಾವು ಒತ್ತಿಕೊಡಬೇಕು. ನಾನು ಎದ್ದು ಎರಡು ಕೈಯಿಂದ ಪಕ್ಕೆಯ ಕೆಳಗೆ ಒತ್ತಿದೆ. ಬಟ್ಟೆಯಲ್ಲಿ ಬಾಯಿ ಒರೆಸಿದೆ. ಮುಖ ನೀಲಿಗಟ್ಟಿ ಮತ್ತೆ ಬಣ್ಣ ಬರುವಷ್ಟರಲ್ಲಿ ಪರದೆಯ ಮೇಲಿದ್ದವನು ತಲೆ ಬಗ್ಗಿಸಿದ್ದ. ಇವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮುಂದೇನೆಂದು ನನಗೆ ಗೊತ್ತಿತ್ತು ಅಮ್ಮಾ. ಪಾದಕ್ಕೂ ಚುಕ್ಕಿಗೂ ಇರುವ ದೂರ ಅಳೆಯಬೇಕು, ದೂರ ಹೆಚ್ಚಾದಷ್ಟೂ ಧೂಳಿನ ಪ್ರಮಾಣ ಇಳಿಸಬೇಕು. ಕುಳಿತು ಬರೆದೆ. ಆನೆ ನಡೆಯಿತು, ಧೂಳು ಎದ್ದಿತು.

ಆ ಮನುಷ್ಯ ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿದ. ಈ ಹೆಂಗಸು ಯಾರು ಎಂದು ಶಕ್ತಿವೇಲನನ್ನು ಕೇಳಬಹುದಿತ್ತು, ಕೇಳಲಿಲ್ಲ. ನನ್ನನ್ನೇ ಕೇಳಿದ. ನಾನು ಗಂಡನ ಮುಖ ನೋಡಿದೆ. ಇವರು ಪರದೆಯನ್ನು ನೋಡುತ್ತಿದ್ದರು. ಆನೆ ಕಾಲೆತ್ತಿದಲ್ಲೇ ನಿಂತಿತ್ತು.

ಮಾರನೆಯ ದಿನ ಶಕ್ತಿವೇಲ್ ತಾನೇ ಬಂದ. ಕಾಫಿ ಮುಟ್ಟಲಿಲ್ಲ. ಹರಿಗೆ ಇನ್ನು ಕೆಲಸ ಕಳಿಸಲು ಆಗುವುದಿಲ್ಲ, ಕಲಿಯುವವರ ಜಾಗದಲ್ಲಿ ಸುಗನ್ಯಾರನ್ನು ತೆಗೆದುಕೊಳ್ಳುತ್ತಾರೆ, ಮೊದಲು ಮನೆಯಿಂದ ಒಂದು ದೃಶ್ಯ ಮಾಡಿಕೊಡಬೇಕು, ಆಮೇಲೆ ದಿನಾ ಪೀಳಮೇಡಿಗೆ ಬರಬೇಕು ಎಂದ. ನೀನಿಟ್ಟ ಸುಕನ್ಯಾ ಎಂಬ ಹೆಸರು ಇಲ್ಲಿಯವರ ಬಾಯಲ್ಲಿ ಸುಗನ್ಯಾ ಆಗಿದೆ, ಸ್ಟುಡಿಯೋದ ಗುರುತಿನ ಕಾರ್ಡಿನ ಮೇಲೂ ಹಾಗೆಯೇ ಅಚ್ಚಾಗಿದೆ. ಶಕ್ತಿವೇಲ್ ಇದನ್ನೆಲ್ಲ ಹೇಳಿದ್ದು ಮಂಚದ ಕಾಲನ್ನು ನೋಡುತ್ತಾ. ಇವರು ಎಲ್ಲವನ್ನೂ ಕೇಳಿ “ನಲ್ಲದು” ಎಂದರು. ಒಳ್ಳೆಯದಾಯಿತು ಎಂದು. ಆಮೇಲೆ ನನ್ನ ಜೊತೆ ಮಾತು ಬಿಟ್ಟರು.

ಜಗಳವಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನೀರು ಬೇಕಾದರೆ ಅತ್ತೆಯನ್ನು ಕರೆಯುತ್ತಿದ್ದರು. ನಾನು ಮಗ್ಗುಲು ಬದಲಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೆ ಬಂದದ್ದು ಎಲೆಗಳ ದೃಶ್ಯ. ಗುಡಿಯ ಅಂಗಳದಲ್ಲಿ ಒಣಗಿದ ಅರಳಿ ಎಲೆಗಳು ಬಿದ್ದಿವೆ. ಗಾಳಿ ಬಂದಾಗ ಅವು ಒಂದರ ಹಿಂದೆ ಒಂದು ನೆಲ ಬಿಟ್ಟು ಏಳಬೇಕು. ಪ್ರತಿ ಎಲೆಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದನ್ನು ಒಟ್ಟು ಎಲೆಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿಯೊಂದಕ್ಕೂ ಸೊನ್ನೆಗೂ ಒಂದಕ್ಕೂ ನಡುವಿನ ತನ್ನದೇ ಒಂದು ಪಾಲು ಸಿಗುತ್ತದೆ. ಆ ಪಾಲಿನಷ್ಟು ಕಾದು ಏಳು ಎಂದು ಬರೆದರೆ ಸರಿ. ಹಾಗೆಯೇ ಬರೆದೆ. ಎಲೆಗಳೆಲ್ಲ ಒಟ್ಟಿಗೆ ಎದ್ದವು, ಯಾರೋ ಚಾಪೆ ಎತ್ತಿದ ಹಾಗೆ. ಮತ್ತೆ ನೋಡಿದೆ. ಅಕ್ಷರ ಸರಿಯಿದೆ, ಚಿಹ್ನೆ ಸರಿಯಿದೆ. ಮತ್ತೆ ಚಾಪೆ ಎದ್ದಿತು. ತಪ್ಪೆಂದು ಕಂಪ್ಯೂಟರ್ ಹೇಳುತ್ತಿಲ್ಲ. ಹಿಂದೆ ಮಲಗಿದ್ದ ಇವರೂ ಹೇಳುತ್ತಿಲ್ಲ. ಪರದೆಯ ಗಾಜಿನಲ್ಲಿ ಇವರ ಮುಖ ಕಾಣುತ್ತಿತ್ತು. ಕಣ್ಣು ತೆರೆದೇ ಇತ್ತು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನಾನು ಬರೆದ ಆ ಒಂದು ಸಾಲನ್ನು. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಾಯಿತು.

“ಎಲ್ಲಿ ತಪ್ಪಿದೆ, ಹೇಳ್ರೀ” ಎಂದು ಕೇಳಿದೆ. ಮರುದಿನವೂ ಕೇಳಿದೆ. ಊಟ ಮಾಡಿಸುವಾಗ ಕೇಳಿದೆ. ಬಾಯಿ ತೆರೆದರು, ತುತ್ತು ತೆಗೆದುಕೊಂಡರು, ಅಷ್ಟೇ. ಕೊನೆಗೆ ಅತ್ತೆಯೇ ಮಂಚದ ಅಂಚಿನಲ್ಲಿ ಕುಳಿತು ಮಗನ ತಲೆ ಸವರುತ್ತಾ, “ಪಾವಂ ಅವಳು, ಪಾಪ. ಒಂದು ಮಾತು ಹೇಳ್ಕೊಡು ಸಾಮಿ. ಮನೆ ನಡೀಬೇಕಲ್ಲ” ಎಂದರು. ಇವರು ಹೇಳಿದರು, “ಅದ್ನೂ ಹೇಳ್ಬಿಟ್ರೆ ಆಮೇಲೆ ನಂಗೇನಮ್ಮಾ ಇದೆ?” ಅತ್ತೆ ಎದ್ದು ಒಳಗೆ ಹೋದರು. ನಾನು ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದೆ. ಕೋಪ ಬರಬೇಕಿತ್ತು. ಬರಲಿಲ್ಲ. ಅತ್ತೆ ಆಮೇಲೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, “ಕೋಪ ಇಲ್ಲ ಕಣ್ಣು ಅವನ್ಗೆ, ವರುತ್ತಂ” ಎಂದರು. ಕಣ್ಣು ಎನ್ನುವುದು ನನ್ನನ್ನು ಮುದ್ದಿಗೆ ಕರೆಯುವುದು, ವ್ಯಥೆಗೆ ಇವರು ವರುತ್ತಂ ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ತಪ್ಪನ್ನು ನಾನೇ ಹುಡುಕಿದೆ. ಜಾಣತನದಿಂದಲ್ಲ. ಕುರುಡಿ ಗೋಡೆ ತಡವಿಕೊಂಡು ಬಾಗಿಲು ಹುಡುಕುವ ಹಾಗೆ. ಎಲೆಗಳಿಗೆ ಸಿಕ್ಕ ಪಾಲನ್ನೆಲ್ಲ ಪಟ್ಟಿ ಮಾಡಿ ತೋರಿಸು ಎಂದು ಕೇಳಿದೆ. ಎಲ್ಲಕ್ಕೂ ಸೊನ್ನೆ. ಹಾಗಾದರೆ ಭಾಗಾಕಾರವೇ ಸರಿಯಿಲ್ಲ ಎಂದುಕೊಂಡು, ಬೇರೆಲ್ಲ ಅಳಿಸಿ ಒಂದನ್ನು ಎರಡರಿಂದ ಭಾಗಿಸು ಎಂದು ಬರೆದೆ. ಅದು ಅರ್ಧ ಎನ್ನಬೇಕು ತಾನೇ? ಸೊನ್ನೆ ಎಂದಿತು. ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಈ ಭಾಷೆಯಲ್ಲಿ ಉತ್ತರವೂ ಪೂರ್ಣವೇ. ಅರ್ಧ, ಕಾಲು, ಮುಕ್ಕಾಲನ್ನೆಲ್ಲ ಎಸೆದುಬಿಡುತ್ತದೆ. ನನ್ನ ಎಲೆಗಳಿಗೆಲ್ಲ ಕಾಯುವ ಹೊತ್ತು ಸೊನ್ನೆಯಾಗಿ ಒಟ್ಟಿಗೆ ಏಳುತ್ತಿದ್ದವು. ಸಂಖ್ಯೆಗೆ ಮೊದಲೇ ದಶಮಾಂಶದ ರೂಪ ಕೊಟ್ಟು ಬರೆದೆ. ಒಂದು ಎಲೆ ಎದ್ದಿತು. ಅದರ ಹಿಂದೆ ಇನ್ನೊಂದು. ಅಂಗಳದ ತುದಿಯವರೆಗೆ ಒಂದೊಂದೇ ಒಂದೊಂದೇ ಎದ್ದು ಹೋದವು. ಈ ಸಲ ನಾನು ಚಪ್ಪಾಳೆ ತಟ್ಟಲಿಲ್ಲ. ಹಿಂದೆ ತಿರುಗಿ ನೋಡಿದರೆ ಇವರ ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಆಗುವುದಿಲ್ಲವಲ್ಲ, ನಾನೇ ಸೆರಗಿನಿಂದ ಒರೆಸಬೇಕು. ಒರೆಸಿದೆ. ಅವರು ಮುಖ ತಿರುಗಿಸಲಿಲ್ಲ.

ಆ ದೃಶ್ಯ ಒಪ್ಪಿಗೆಯಾಯಿತು. ಆದರೆ ನಾನು ಆ ಎಲೆಗಳ ಹಿಂದೆ ಬಿದ್ದಿದ್ದಾಗ ಮಗ್ಗುಲು ಬದಲಿಸುವ ಹೊತ್ತು ಒಂದೆರಡು ಸಲ ತಪ್ಪಿರಬೇಕು. ಇವರಂತೂ ಕರೆಯಲಿಲ್ಲ. ಮಲಗಿ ಮಲಗಿ ಸೊಂಟದ ಕೆಳಗೆ ಆಗಿದ್ದ ಹುಣ್ಣು ಈ ಬಿಸಿಲಿಗೆ ಕೆಂಪಾಗಿ, ಕಪ್ಪಾಗಿ, ಒಳಗೆ ಹೋಯಿತು. ಜ್ವರ ಬಂತು. ಮಾರ್ಚ್‌ನಲ್ಲಿ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಇದ್ದೆವು. ನಿನಗೆ ‘ಚೆಕಪ್’ ಎಂದು ಹೇಳಿದ್ದು ಅದೇ. ಡಾಕ್ಟರು ಒಳ್ಳೆಯವರು. ಹುಣ್ಣು ಮೂಳೆ ಮುಟ್ಟಿದೆ, ಶ್ವಾಸಕೋಶದಲ್ಲಿ ಬಲವಿಲ್ಲ, ಇನ್ನೊಂದು ಸಲ ಹೀಗೆ ಜ್ವರ ಬಂದರೆ ತಮ್ಮ ಕೈಯಲ್ಲಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅತ್ತೆಗೆ ನಾನು ಹೇಳಿಲ್ಲ. ಅತ್ತೆ ನನ್ನನ್ನು ಕೇಳಿಯೂ ಇಲ್ಲ. ಬೆಟ್ಟದ ಹಾಗೆ ನಡುವೆ ಅದು ಇದೆ, ಅದರ ಆಚೆ ಈಚೆ ನಾವಿಬ್ಬರೂ ಈರುಳ್ಳಿ ಹೆಚ್ಚುತ್ತೇವೆ.

ಮನೆಗೆ ಬಂದ ಮೇಲೆ ಇವರು ಮತ್ತೆ ಮಾತಾಡಲು ಶುರುಮಾಡಿದ್ದಾರೆ. ನಾನು ತುತ್ತು ಕಲಸುತ್ತಿದ್ದೆ, ಇದ್ದಕ್ಕಿದ್ದ ಹಾಗೆ “ಆ ಎಲೆ ತಿರುಗೋದು ಸರಿಯಿಲ್ಲ. ಏಳ್ವಾಗ ನಿಧಾನ, ಮೇಲ್ಹೋದ್ಮೇಲೆ ಬೇಗ ತಿರುಗ್ಬೇಕು” ಎಂದರು. ನನ್ನ ಕೈಯಲ್ಲಿದ್ದ ಅನ್ನ ಬಿದ್ದುಹೋಯಿತು. ಅವತ್ತಿನಿಂದ ನಿಲ್ಲಿಸಿಲ್ಲ ಅಮ್ಮಾ. ಈಗ ದನಿ ಬರೀ ಪಿಸುಮಾತು. ಕಿವಿಯನ್ನು ಬಾಯಿಯ ಹತ್ತಿರ ಇಟ್ಟು ಕೇಳಬೇಕು. ಮೊದಲು ಪಾಠಕ್ಕೆ ಒಂದು ಕ್ರಮವಿತ್ತು. ಈಗ ಇಲ್ಲ. ನೀರಿನ ವಿಷಯ ಹೇಳುತ್ತಿದ್ದವರು ಬೆಂಕಿಗೆ ಹೋಗುತ್ತಾರೆ, ಬೆಂಕಿಯಿಂದ ಕೂದಲಿಗೆ. ನನಗೆ ಇನ್ನೂ ಬರದ ಗಣಿತ. ಗೊತ್ತಾಗುವುದಿಲ್ಲ ಎಂದೆ. “ಈಗ ತಿಳೀದಿದ್ರೂ ಕೇಳ್ಕೋ. ಆಮೇಲೆ ತಿಳೀತದೆ” ಎಂದರು. ಆಮೇಲೆ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ. ಹೂಂಗುಟ್ಟುತ್ತೇನೆ, ಅಷ್ಟೇ. ಮನೆ ಖಾಲಿ ಮಾಡುವವರು ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗಿಡುವ ಹಾಗೆ ಇಡುತ್ತಿದ್ದಾರೆ, ನಾನು ಸೆರಗೊಡ್ಡಿ ನಿಂತಿದ್ದೇನೆ. ಅರ್ಧ ಕೆಳಗೆ ಬೀಳುತ್ತಿದೆ.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಎರಡು ತಿಂಗಳಿಂದ ನೀನು ಕೇಳುತ್ತಿದ್ದೀಯ. ಅವರ ಅಮ್ಮ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ, ನಿನಗೆ ಇನ್ನೂ ಇಪ್ಪತ್ತೊಂಬತ್ತು, ಬಾ ಎನ್ನುತ್ತೀಯ. ನೀನು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ ಎಂದು ಗೊತ್ತು. ಹೆತ್ತವಳಿಗೆ ಬೇರೆ ಏನು ಹೇಳಲು ಬರುತ್ತದೆ? ಆದರೆ ನಾನು ಬರುವುದಿಲ್ಲ. ಇದು ಪತಿವ್ರತೆಯ ಮಾತೆಂದು ತಿಳಿಯಬೇಡ. ಅವರ ಕೆಲಸ ನನ್ನ ಕೈಗೆ ಬಂದಿದೆ, ಅವರಿನ್ನೂ ಇದ್ದಾರೆ. ಇವೆರಡನ್ನೂ ಬಿಟ್ಟು ಬಸ್ಸು ಹತ್ತಲು ನನ್ನಿಂದ ಆಗುವುದಿಲ್ಲ. ನಾಳೆಯಿಂದ ಪೀಳಮೇಡಿಗೆ ಹೋಗಬೇಕು. ಬೆಳಿಗ್ಗೆ ಎಂಟರ ಬಸ್ಸು, ಬರುವಾಗ ಕತ್ತಲು. ಹಗಲಲ್ಲಿ ಅತ್ತೆಗೆ ನೆರವಾಗಲು ಎದುರು ಮನೆಯ ಶಿವಗಾಮಕ್ಕ ಬರುತ್ತಾರೆ, ಮುಷ್ಕರ ಮುಗಿದು ಮಗ್ಗ ಓಡುವವರೆಗೆ. ಆಮೇಲಿನದು ಆಮೇಲೆ. ಕೆಲಸಕ್ಕೆ ಹೋಗುತ್ತೇನೆ ಎಂದಾಗ ಇವರು ಏನೆನ್ನುತ್ತಾರೋ ಎಂದು ಹೆದರಿದ್ದೆ. ಅಲ್ಲಿ ಕಿಟಕಿಯ ಪಕ್ಕದ ಮೇಜು ಕೇಳು, ಅಲ್ಲಿ ಎ.ಸಿ. ನೇರವಾಗಿ ತಲೆಗೆ ಹೊಡೆಯುವುದಿಲ್ಲ ಎಂದರು. ಅದು ಇವರ ಮೇಜಂತೆ.

ನಿನ್ನ ಆರೋಗ್ಯ ನೋಡಿಕೋ. ಅಳಬೇಡ, ಅತ್ತರೆ ನಿನಗೆ ರಕ್ತದೊತ್ತಡ ಏರುತ್ತದೆ. ಕೃಷ್ಣಕುಮಾರನಿಗೆ ನನ್ನ ಆಶೀರ್ವಾದ, ಅವನಿಗೆ ಹುಡುಗಿ ನೋಡುವುದನ್ನು ನನ್ನ ದೆಸೆಯಿಂದ ನಿಲ್ಲಿಸಬೇಡ. ಅತ್ತೆ ನಿನ್ನನ್ನು ಕೇಳಿದರು, ಇವರೂ ಕೇಳಿದರು. ಚೌಡಮ್ಮ ನಿನ್ನನ್ನು ನೂರು ಕಾಲ ನೆಟ್ಟಗಿಟ್ಟಿರಲಿ. ನೀನು ನೆಟ್ಟಗಿದ್ದರೇ ನಾನು ನಿಂತಿರುವುದು.

ನಿನ್ನ ಮಗಳು
ಸುಕನ್ಯಾ

ಮರೆತೆ ಎಂದುಕೊಳ್ಳಬೇಡ, ಬರೆಯಲಾರದೆ ಕೊನೆಗೆ ಉಳಿಸಿಕೊಂಡೆ: ಮೊನ್ನೆ ಊಟಕ್ಕೆ ಕೂತ ನಿತ್ಯಾ ತಟ್ಟೆಗೆ ಕೈ ಹಾಕಲಿಲ್ಲ. “ನನ್ಗೂ ಕೈ ಬರಲ್ಲ. ಬಾಯಿಗೆ ಹಾಕಮ್ಮಾ” ಎಂದಳು. ಆಟವೆಂದುಕೊಂಡೆ. ಗದರಿದರೂ ಎತ್ತಲಿಲ್ಲ. ಎರಡು ಕೈಯನ್ನೂ ಚಾಪೆಯ ಮೇಲೆ ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿಬಿಟ್ಟಳು. ಇವರು ಅದನ್ನು ಮಂಚದಿಂದ ನೋಡಿದರು. ನಿನ್ನೆಯೂ ಹಾಗೆಯೇ ಮಾಡಿದಳು. ಅಮ್ಮಾ, ಅವಳನ್ನು ಕರೆದುಕೊಂಡು ಹೋಗು. ಒಂದನೆಯ ತರಗತಿಗೆ ಅಲ್ಲೇ ಸೇರಿಸು. ಕಾಯಿತುರಿ ಹಾಕಿದ್ದನ್ನು ತಿನ್ನುವುದಿಲ್ಲ, ಮಲಗುವಾಗ ಯಾರದಾದರೂ ಬೆರಳು ಹಿಡಿದುಕೊಳ್ಳಬೇಕು ಅವಳಿಗೆ. ಬಟ್ಟೆಯನ್ನೆಲ್ಲ ಮಡಿಸಿ ಚೀಲದಲ್ಲಿಟ್ಟಿದ್ದೇನೆ, ಅತ್ತೆಗೆ ಹೇಳಿದ್ದೇನೆ. ಕೆಲಸದ ದಿನವೇ ಬಾ, ಹಗಲಲ್ಲೇ ಬಾ. ನಾನು ಮನೆಯಲ್ಲಿರುವಾಗ ಬರಬೇಡ. ನಾನಿದ್ದರೆ ಕಳಿಸುವುದಿಲ್ಲ.